ಮನಸ್ಸು ತಿಳಿಯಾಗುವ ತನಕ ಕಾಯಬೇಕೇ?



ಈ ಪುಟಕ್ಕೆ ಬರುವ ಕಾಗದಗಳಲ್ಲಿ ಮಕ್ಕಳ ಹಟ, ಮನೆಯ ಖರ್ಚು, ಮದುವೆಯ ಮಾತುಕತೆ, ನೆರೆಹೊರೆಯ ಮನಸ್ತಾಪ ಇವುಗಳ ವಿಚಾರವೇ ಹೆಚ್ಚು. ಆಗಾಗ್ಗೆ ಒಂದೊಂದು ಕಾಗದವು ಮಾತ್ರ, ಅದನ್ನು ಬರೆದವರ ಮನೆಯ ಬಾಗಿಲನ್ನು ದಾಟಿ ಎಲ್ಲರ ಮನೆಯೊಳಕ್ಕೂ ಬಂದು ಕುಳಿತುಕೊಳ್ಳುವದು. ಈ ತಿಂಗಳು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿಯಿಂದ ಒಬ್ಬ ಸಹೋದರಿಯು ಬರೆದಿರುವ ಕಾಗದವು ಅಂಥದ್ದು. ಆಕೆಯ ಅನುಮತಿಯಂತೆ ಹೆಸರನ್ನು ಬಿಟ್ಟು, ವಿಷಯವನ್ನು ಮಾತ್ರ ಇಲ್ಲಿ ಹೇಳುತ್ತೇವೆ.

ಆಕೆಯ ಅತ್ತೆಯವರು ಪಾರ್ಶ್ವವಾಯು ಬಡಿದು ಒಂದು ವರುಷದಿಂದ ಹಾಸಿಗೆ ಹಿಡಿದಿದ್ದಾರೆ. ಮಾವನವರು ತೀರಿಕೊಂಡು ಬಹಳ ಕಾಲವಾಯಿತು. ಉಣ್ಣಿಸುವದು, ಮೈ ಒರೆಸುವದು, ಬಟ್ಟೆ ಬದಲಿಸುವದು, ರಾತ್ರಿ ಎದ್ದು ಮಗ್ಗುಲು ತಿರುಗಿಸುವದು ಎಲ್ಲವೂ ಈ ಸೊಸೆಯ ಕೈಯಿಂದಲೇ ಆಗಬೇಕು. ಅತ್ತೆಯವರ ಹೆಸರಿನಲ್ಲಿ ಎರಡು ಎಕರೆ ರಾಗಿ ಹೊಲವುಂಟು. ಬೆಂಗಳೂರು ಪಟ್ಟಣವು ಮೂಡಲಿಗೆ ಬೆಳೆಬೆಳೆದು ಬಂದ ಮೇಲೆ ಆ ಸೀಮೆಯ ಹೊಲದ ಬೆಲೆಯು ಏನಾಗಿದೆಯೆಂಬದನ್ನು ಬಲ್ಲವರು ಬಲ್ಲರು. ಸಹೋದರಿಯು ಬರೆಯುವದೇನಂದರೆ: ತಾನು ಅತ್ತೆಯ ಸೇವೆಯನ್ನು ಮಾಡುತ್ತಿರುವದು ನಿಜ, ಆದರೆ ಪ್ರೀತಿಯಿಂದ ಮಾಡುತ್ತಿಲ್ಲ. ಹೊಸದಾಗಿ ಮದುವೆಯಾಗಿ ಬಂದಾಗ ಅತ್ತೆಯವರು ಆಡಿದ ಮಾತುಗಳು ಇನ್ನೂ ಮನಸ್ಸಿನಲ್ಲಿ ಮುಳ್ಳಿನಂತೆ ಇವೆ. ಊರಿನವರು ಏನಂದಾರೋ ಎಂಬ ಅಂಜಿಕೆಯುಂಟು. ಹೊಲವನ್ನು ತನ್ನ ಯಜಮಾನರ ಹೆಸರಿಗೆ ಬರೆದಾರೆಂಬ ಆಸೆಯೂ ಉಂಟು. ಹೀಗಿರಲಾಗಿ, ಆದಿತ್ಯವಾರ ದೇವಾಲಯದಲ್ಲಿ ಜನರು ತನ್ನನ್ನು ರೂತಳಿಗೆ ಹೋಲಿಸಿ ಮಾತಾಡುವಾಗ ಭೂಮಿಯು ಬಾಯಿ ತೆರೆಯಬಾರದೇ ಎಂದು ಅನ್ನಿಸುವದು. ಇಂಥ ಸೇವೆಯು ಕಪಟವಲ್ಲವೇ? ಕೂಲಿಯವಳನ್ನು ಇಟ್ಟು ತಾನು ದೂರವಿದ್ದು, ಮನಸ್ಸು ಶುದ್ಧವಾದ ಮೇಲೆ ಆ ಕೆಲಸಕ್ಕೆ ಕೈ ಹಾಕುವದು ಹೆಚ್ಚು ಪ್ರಾಮಾಣಿಕವಲ್ಲವೇ?

ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳುಂಟು. ಕೆಲಸ ನಡೆದರೆ ಸಾಕು, ಮನಸ್ಸನ್ನು ಯಾರು ನೋಡುತ್ತಾರೆ ಎಂಬದು ಒಂದು. ಮನಸ್ಸಿಲ್ಲದೆ ಮಾಡಿದ್ದು ಮಾಡಿದ್ದೇ ಅಲ್ಲ, ಆದಕಾರಣ ಬಿಟ್ಟುಬಿಡು ಎಂಬದು ಇನ್ನೊಂದು. ಇವೆರಡನ್ನೂ ನಾವು ಒಪ್ಪಲಾರೆವು. ಒಪ್ಪದಿರುವದಕ್ಕೆ ಕಾರಣಗಳನ್ನು ಸಾವಧಾನವಾಗಿ ವಿಚಾರಿಸೋಣ.

ಮೊದಲು ಸಹೋದರಿಯ ಕಳವಳಕ್ಕೆ ಸಲ್ಲತಕ್ಕ ಗೌರವವನ್ನು ಸಲ್ಲಿಸಬೇಕು. ಮನಸ್ಸನ್ನು ಯಾರೂ ನೋಡುವದಿಲ್ಲವೆಂಬ ಮಾತು ಕ್ರೈಸ್ತನ ಬಾಯಲ್ಲಿ ಬರತಕ್ಕದ್ದಲ್ಲ. ಇಷಯನ ಮಕ್ಕಳಲ್ಲಿ ಒಬ್ಬನನ್ನು ಅರಸನಾಗಿ ಅಭಿಷೇಕಿಸಲು ಹೋದ ಸಮುವೇಲನು ಹಿರಿಯ ಮಗನ ಎತ್ತರವನ್ನು ಕಂಡು ಮೆಚ್ಚಿದಾಗ, ಮನುಷ್ಯರು ಹೊರಗಿನ ರೂಪವನ್ನು ನೋಡಿದರೂ ದೇವರು ನೋಡುವದು ಹೃದಯವನ್ನೇ ಎಂದು ಅವನಿಗೆ ತಿಳಿಸಲಾಯಿತು. ಬೀದಿಯ ಮೂಲೆಯಲ್ಲಿ ನಿಂತು ಪ್ರಾರ್ಥಿಸುವವರನ್ನೂ, ಕೊಂಬೂದಿಸಿಕೊಂಡು ದಾನ ಮಾಡುವವರನ್ನೂ ಕುರಿತು ಯೇಸು ಸ್ವಾಮಿಯು ಬೆಟ್ಟದ ಮೇಲೆ ಮಾಡಿದ ಪ್ರಸಂಗದಲ್ಲಿ ಎಷ್ಟು ಕಠಿಣವಾಗಿ ಮಾತಾಡಿದನೆಂಬದು ನಮಗೆ ಗೊತ್ತುಂಟು. ಹಾಗಾದರೆ ನಮ್ಮ ಸಹೋದರಿಯು ತನ್ನ ಮನಸ್ಸನ್ನು ಶೋಧಿಸಿಕೊಂಡು ನಾಚಿಕೆಪಟ್ಟದ್ದು ಅವಳ ಆತ್ಮದ ಆರೋಗ್ಯದ ಗುರುತಾಗಿದೆ. ಹುಣ್ಣಿನಲ್ಲಿ ನೋವು ಇರುವ ತನಕ ಆ ಅಂಗಕ್ಕೆ ಜೀವವಿದೆಯೆಂದು ವೈದ್ಯರು ಹೇಳುವದಿಲ್ಲವೇ?

ಆದರೆ ಅವಳ ನಾಚಿಕೆಯು ನಿಜವಾದದ್ದರಿಂದ ಅವಳು ಮಾಡಿದ ತೀರ್ಮಾನವೂ ಸರಿಯೆಂದು ಆಗಲಿಲ್ಲ. ಯೇಸು ಸ್ವಾಮಿಯು ದಾನದ ವಿಷಯದಲ್ಲಿ ಹಾಗೆ ಗದರಿಸಿದನಲ್ಲಾ, ದಾನವನ್ನೇ ನಿಲ್ಲಿಸಿಬಿಡಿರಿ ಎಂದು ಎಲ್ಲಿಯಾದರೂ ಹೇಳಿದನೋ? ಇಲ್ಲ. ದಾನ ಮಾಡುವ ರೀತಿಯನ್ನು ತಿದ್ದಿದನು. ದಾನದ ಆಜ್ಞೆಯನ್ನು ಹಿಂದೆಗೆಯಲಿಲ್ಲ. ಎಡಗೈಗೆ ತಿಳಿಯದಂತೆ ಕೊಡಬೇಕಾದರೂ ಬಲಗೈಯು ಕೊಡಲೇಬೇಕು.

ಇಬ್ಬರು ಮಕ್ಕಳ ಸಾಮ್ಯವನ್ನು ತೆಗೆದುಕೊಳ್ಳಿರಿ. ದ್ರಾಕ್ಷಿ ತೋಟದ ಕೆಲಸವೆಂದರೇನೆಂಬದು ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಬಳ್ಳಿಯನ್ನು ಸವರುವ ಕಾಲವು ತಪ್ಪಿದರೆ ಫಸಲೂ ತಪ್ಪುವದು. ಆಳಿನ ಮನಸ್ಸು ಹಸನಾಗಲಿ ಎಂದು ಬಳ್ಳಿಯು ಕಾಯುವದಿಲ್ಲ. ತಂದೆಯು ತೋಟಕ್ಕೆ ಹೋಗಿ ಕೆಲಸ ಮಾಡೆಂದು ಹೇಳಿದಾಗ ಒಬ್ಬ ಮಗನು ಹೋಗುವದಿಲ್ಲವೆಂದು ಮುಖಕ್ಕೆ ಮುಖ ಕೊಟ್ಟು ಹೇಳಿ, ಆಮೇಲೆ ಪಶ್ಚಾತ್ತಾಪಪಟ್ಟು ಹೋದನು. ಮತ್ತೊಬ್ಬನು ಬಹಳ ವಿನಯದಿಂದ ಹೋಗುತ್ತೇನಪ್ಪಾ ಎಂದು ಹೇಳಿ ಹೋಗದೆ ಇದ್ದನು. ತಂದೆಯ ಚಿತ್ತವನ್ನು ನಡಿಸಿದವನು ಯಾರು ಎಂಬದೊಂದೇ ಯೇಸು ಸ್ವಾಮಿಯು ಕೇಳಿದ ಪ್ರಶ್ನೆ. ಮೊದಲಿನವನು ದಾರಿಯುದ್ದಕ್ಕೂ ಹಾಡುತ್ತಾ ಹೋದನೆಂದು ಅಲ್ಲಿ ಹೇಳಿಲ್ಲ. ಅವನು ಗೊಣಗುತ್ತಾ ಗುದ್ದಲಿಯನ್ನು ಹೆಗಲಿಗೇರಿಸಿದ್ದರೂ ಇದ್ದಿರಬಹುದು. ಎರಡನೆಯವನ ಮಾತೋ ಜೇನಿನಂಥದ್ದು. ತೋಟಕ್ಕೆ ಅದರಿಂದ ಒಂದು ಕೊಡ ನೀರೂ ಬೀಳಲಿಲ್ಲ.

ಇದಕ್ಕಿಂತಲೂ ಸ್ಪಷ್ಟವಾದ ಉದಾಹರಣೆಯು ಅರಾಮ್ ದೇಶದ ಸೇನಾಪತಿಯಾದ ನಾಮಾನನದು. ಅವನಿಗೆ ಕುಷ್ಠರೋಗವಿತ್ತು. ಅವನ ಮನೆಯಲ್ಲಿ ಸೆರೆಯಾಗಿದ್ದ ಇಸ್ರಾಯೇಲಿನ ಒಬ್ಬ ಹುಡುಗಿಯ ಮಾತಿನಿಂದ ಅವನು ಬೆಳ್ಳಿ, ಬಂಗಾರ, ಉಡುಪುಗಳನ್ನು ಹೇರಿಸಿಕೊಂಡು ಎಲೀಷನೆಂಬ ಪ್ರವಾದಿಯ ಬಾಗಿಲಿಗೆ ಬಂದನು. ಪ್ರವಾದಿಯು ಹೊರಗೆ ಬಂದು ಮುಖವನ್ನೂ ತೋರಿಸಲಿಲ್ಲ. ಯೊರ್ದನ್ ಹೊಳೆಯಲ್ಲಿ ಏಳು ಸಾರಿ ಸ್ನಾನ ಮಾಡಬೇಕೆಂದು ಆಳಿನ ಕೈಯಲ್ಲಿ ಹೇಳಿಕಳುಹಿಸಿದನು. ಸೇನಾಪತಿಗೆ ಸಿಟ್ಟು ನೆತ್ತಿಗೇರಿತು. ದಮಸ್ಕದಲ್ಲಿ ಹೊಳೆಗಳಿಲ್ಲವೇ, ಅವು ಇದಕ್ಕಿಂತ ಉತ್ತಮವಲ್ಲವೇ ಎಂದು ರೇಗಿ ಹಿಂದಿರುಗಿದನು. ಆಗ ಅವನ ಸೇವಕರು ಹತ್ತಿರಕ್ಕೆ ಬಂದು, ದೊಡ್ಡದೊಂದು ಕಾರ್ಯವನ್ನು ಹೇಳಿದ್ದರೆ ಮಾಡುತ್ತಿದ್ದಿರಲ್ಲವೇ, ಇಷ್ಟು ಚಿಕ್ಕದನ್ನು ಮಾಡಿದರೇನು ಎಂದು ಸಮಾಧಾನ ಹೇಳಿದರು. ಅವನು ಹೊಳೆಗೆ ಇಳಿದನು.

ಇಳಿಯುವಾಗ ಅವನ ಮನಸ್ಸು ಹೇಗಿತ್ತೆಂದು ಯೋಚಿಸಿರಿ. ಅವನು ಬಂದದ್ದು ಸ್ವಲಾಭಕ್ಕೆ. ಇಸ್ರಾಯೇಲಿನ ದೇವರ ಮೇಲಣ ಭಕ್ತಿಯಿಂದಲ್ಲ. ಪ್ರವಾದಿಯ ಮೇಲೆ ಅಸಮಾಧಾನವಿತ್ತು. ಆ ಹೊಳೆಯ ಮೇಲೆ ತಾತ್ಸಾರವಿತ್ತು. ಸೇವಕರ ಮುಂದೆ ಸ್ವಲ್ಪ ನಾಚಿಕೆಯೂ ಇದ್ದೀತು. ಆದರೂ ಏಳನೆಯ ಸಾರಿ ಮುಳುಗಿ ಎದ್ದಾಗ ಅವನ ಮೈ ಚಿಕ್ಕ ಮಗುವಿನ ಮೈಯಂತಾಯಿತು. ದೇವರ ಮೇಲಣ ನಂಬಿಕೆಯ ಮಾತು ಅವನ ಬಾಯಿಂದ ಹೊರಟದ್ದು ಅದಾದ ಮೇಲೆಯೇ. ಮನಸ್ಸು ಶುದ್ಧವಾದ ಮೇಲೆ ಹೊಳೆಗೆ ಇಳಿಯುವೆನೆಂದು ಅವನು ದಮಸ್ಕಕ್ಕೆ ಹೋಗಿ ಕುಳಿತಿದ್ದರೆ ರೋಗಿಯಾಗಿಯೇ ಸತ್ತಿರುವನು. ಮನಸ್ಸೂ ಹಾಗೆಯೇ ಇದ್ದಿರುವದು.

ಅಪೊಸ್ತಲನಾದ ಪೌಲನ ಅನುಭವವೂ ಇಲ್ಲಿ ನೆನಪಿಗೆ ಬರತಕ್ಕದ್ದು. ಅವನು ಬೇಡಿ ಹಾಕಿಸಿಕೊಂಡು ಸೆರೆಯಲ್ಲಿರುವಾಗ ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಕಾಗದ ಬರೆದನು. ಹೊರಗೆ ಕೆಲವರು ಹೊಟ್ಟೆಕಿಚ್ಚಿನಿಂದಲೂ ಪೈಪೋಟಿಯಿಂದಲೂ, ಸೆರೆಯಲ್ಲಿರುವ ತನಗೆ ಇನ್ನಷ್ಟು ನೋವಾಗಲೆಂಬ ಎಣಿಕೆಯಿಂದಲೂ ಕ್ರಿಸ್ತನನ್ನು ಸಾರುತ್ತಿದ್ದಾರೆಂದು ಅವನಿಗೆ ಗೊತ್ತಿತ್ತು. ಅವರ ಹೊಟ್ಟೆಕಿಚ್ಚು ಒಳ್ಳೇದೆಂದು ಅವನು ಹೇಳಲಿಲ್ಲ. ಅದನ್ನು ಅದರ ಹೆಸರಿನಿಂದಲೇ ಕರೆದನು. ಆದರೂ ಹೇಗಾದರೂ ಸುವಾರ್ತೆಯು ಸಾರಲ್ಪಡುತ್ತಿರುವದಕ್ಕಾಗಿ ಸಂತೋಷಿಸುವೆನೆಂದು ಬರೆದನು. ಕೆಲಸವನ್ನೂ ಕೆಲಸದವನ ಮನಸ್ಸನ್ನೂ ಬೇರೆಬೇರೆಯಾಗಿ ತೂಗುವ ವಿವೇಕವು ಅವನಿಗಿತ್ತು. ಒಂದರ ಕೊರತೆಯಿಂದ ಇನ್ನೊಂದನ್ನು ಅವನು ಚೆಲ್ಲಲಿಲ್ಲ.

ಇದೆಲ್ಲಾ ಹಳೆಯ ಕಾಲದ, ದೂರ ದೇಶದ ಮಾತಾಯಿತೆಂದು ಯಾರಾದರೂ ಅಂದಾರು. ನಮ್ಮ ನೆಲದಲ್ಲಿಯೇ ನಡೆದದ್ದನ್ನು ನೋಡೋಣ.

ಧಾತು ಸಂವತ್ಸರದಿಂದ ಈಶ್ವರ ಸಂವತ್ಸರದ ವರೆಗೆ, ಎಂದರೆ 1876ರಿಂದ 1878ರ ತನಕ, ಮೈಸೂರು ಸೀಮೆಯನ್ನು ಹಿಡಿದ ಕ್ಷಾಮದ ಹೆಸರನ್ನು ಅಜ್ಜಿಯರ ಬಾಯಲ್ಲಿ ಕೇಳಿದವರು ಇನ್ನೂ ಇದ್ದಾರೆ. ಮಳೆಯು ಒಂದಾದ ಮೇಲೊಂದು ವರುಷ ಹೋಯಿತು. ಕೆರೆಗಳು ಒಡೆದ ಮಣ್ಣಾದವು. 1871ರ ಜನಗಣತಿಯಲ್ಲಿ ಮೈಸೂರು ಸೀಮೆಯ ಜನಸಂಖ್ಯೆಯು 50,55,412 ಇದ್ದದ್ದು, 1881ರ ಗಣತಿಯಲ್ಲಿ 41,86,188ಕ್ಕೆ ಇಳಿಯಿತು. ಹತ್ತು ವರುಷದಲ್ಲಿ ಹೆಚ್ಚಬೇಕಾಗಿದ್ದ ಜನರಲ್ಲಿ ಎಂಟು ಲಕ್ಷ ಅರುವತ್ತೊಂಭತ್ತು ಸಾವಿರಕ್ಕೂ ಮಿಕ್ಕಿ ಕಡಿಮೆಯಾದರು. ತಾಯಿತಂದೆಗಳಿಲ್ಲದ ಮಕ್ಕಳು ದಾರಿಬದಿಯಲ್ಲಿ ಬಿದ್ದಿದ್ದರು. ಆ ದಿನಗಳಲ್ಲಿ ಕೋಲಾರದಲ್ಲಿ ಆನ್‌ಸ್ಟೇ ಎಂಬ ಆಂಗ್ಲ ಮಹಿಳೆಯು ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. ಮುಂದೆ 1890ರಲ್ಲಿ ಆ ಕಾರ್ಯವನ್ನು ಅಮೇರಿಕದ ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಯವರಿಗೆ ಒಪ್ಪಿಸಿಕೊಟ್ಟರು. ತುಮಕೂರು, ಹಾಸನಗಳಲ್ಲಿ ವೆಸ್ಲಿಯನ್ ಮಿಶನ್ನಿನವರು ಅನಾಥಾಲಯಗಳನ್ನು ತೆರೆದರು.

ಅವರ ಉದ್ದೇಶವು ಕೇವಲ ಕರುಣೆಯೇ ಆಗಿತ್ತೋ? ಅಲ್ಲವೆಂದು ಅಂದಿನವರೂ ಅಂದರು, ಇಂದಿನವರೂ ಅನ್ನುತ್ತಾರೆ. ಮಕ್ಕಳನ್ನು ಕ್ರೈಸ್ತ ಮಾರ್ಗದಲ್ಲಿ ಬೆಳೆಸಬೇಕು, ಸಭೆಯು ಹೆಚ್ಚಬೇಕು ಎಂಬ ಆಸೆಯನ್ನು ಮಿಶನ್ನಿನವರು ಮುಚ್ಚಿಡಲೂ ಇಲ್ಲ. ಹಸಿದ ಮಗುವಿಗೆ ಅನ್ನವೂ ಮತವೂ ಒಂದೇ ತಟ್ಟೆಯಲ್ಲಿ ಬಂದಾಗ, ಅದು ಸ್ವತಂತ್ರವಾಗಿ ಆರಿಸಿಕೊಳ್ಳುವದು ಹೇಗೆ ಎಂಬ ಆಕ್ಷೇಪಣೆಯನ್ನು ತಳ್ಳಿಬಿಡಲಾಗದು, ಅದರಲ್ಲಿ ನ್ಯಾಯವುಂಟು. ಅನ್ನಕ್ಕಾಗಿ ಬಂದವರು ಎಂಬ ಚುಚ್ಚು ಮಾತನ್ನು ಆ ಮಕ್ಕಳ ಮಕ್ಕಳೂ ಕೇಳಬೇಕಾಯಿತು. ಇದೆಲ್ಲಾ ನಿಜವೆಂದು ಒಪ್ಪಿಕೊಂಡ ಮೇಲೆ ಒಂದೇ ಒಂದು ಪ್ರಶ್ನೆಯನ್ನು ಕೇಳುತ್ತೇವೆ. ತಮ್ಮ ಉದ್ದೇಶಗಳಲ್ಲಿ ಜೊಳ್ಳೆಷ್ಟು ಕಾಳೆಷ್ಟು ಎಂದು ಕೇರಿ ಮುಗಿಸುವ ತನಕ ಅವರು ಗಂಜಿಯ ಹಂಡೆಯನ್ನು ಒಲೆಯ ಮೇಲೆ ಇಡದೆ ಇರಬೇಕಾಗಿತ್ತೋ? ಮೊರವು ಖಾಲಿಯಾಗುವಷ್ಟರಲ್ಲಿ ಮಗುವು ಸತ್ತಿರುವದು. ಹಸಿದವನಿಗೆ ಊಟ ಕೊಡಬೇಕೆಂಬದು ಆಜ್ಞೆ. ಸಭೆಯ ಲೆಕ್ಕವನ್ನು ಹೆಚ್ಚಿಸಬೇಕೆಂಬದು ಅದರೊಂದಿಗೆ ಸೇರಿಕೊಂಡ ಮನುಷ್ಯನ ಆಸೆ. ಆಸೆಯನ್ನು ಪರೀಕ್ಷಿಸಿ ತಿದ್ದಬೇಕಾಗಿತ್ತು, ತಿದ್ದದೆ ಹೋದಲ್ಲಿ ತಪ್ಪಾಯಿತು. ಆದರೆ ಆಜ್ಞೆಯು ಕಾಯತಕ್ಕದ್ದಾಗಿರಲಿಲ್ಲ. ಅದೇ ಕೋಲಾರದಲ್ಲಿ ಮೆಥೊಡಿಸ್ಟ್ ಸಭೆಯವರು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಕಟ್ಟಿ ಬೆಳೆಸಿದ ಆಸ್ಪತ್ರೆಗೆ ಎಲ್ಲಾ ಮತಗಳ ತಾಯಂದಿರೂ ಹೆರಿಗೆಗೆ ಹೋದರು.

ಇನ್ನೊಂದು ಉದಾಹರಣೆಯು ಅಕ್ಷರಲೋಕದ್ದು. ಫರ್ಡಿನೆಂಡ್ ಕಿಟ್ಟೆಲ್ ಎಂಬವರ ಹೆಸರನ್ನು ಕೇಳದ ಕನ್ನಡಿಗರಿಲ್ಲ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು ಬಾಸೆಲ್ ಮಿಶನ್ನಿನ ಪಾದ್ರಿಯಾಗಿ 1853ರಲ್ಲಿ ಇಲ್ಲಿಗೆ ಬಂದರು. ಅವರನ್ನು ಕಳುಹಿಸಿದವರು ಸುವಾರ್ತೆಯನ್ನು ಸಾರುವದಕ್ಕೆಂದು ಕಳುಹಿಸಿದರು. ಕನ್ನಡವನ್ನು ಚೆನ್ನಾಗಿ ಕಲಿಯಬೇಕೆಂದದ್ದೂ ಅದಕ್ಕಾಗಿಯೇ. ಆದರೆ ಭಾಷೆಯೊಳಗೆ ಇಳಿದ ಕಿಟ್ಟೆಲರಿಗೆ ಅದರ ಮೇಲೆಯೇ ಪ್ರೀತಿ ಹುಟ್ಟಿತು. ಅವರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿ ಅಚ್ಚು ಹಾಕಿಸಿದರು. ಪಾದ್ರಿಯ ಕೆಲಸಕ್ಕೂ ಪಂಡಿತನ ಕೆಲಸಕ್ಕೂ ನಡುವೆ ಎಳೆದಾಟವಾಯಿತು. ಮಿಶನ್ನಿನ ಒಳಗೂ ಅವರ ವಿದ್ವತ್ತಿನ ಹಂಬಲವನ್ನು ಎಲ್ಲರೂ ಒಂದೇ ಸಮನಾಗಿ ಮೆಚ್ಚಲಿಲ್ಲ.

ಕೊನೆಗೆ 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ-ಆಂಗ್ಲ ನಿಘಂಟು ಅಚ್ಚಾಗಿ ಹೊರಬಂದಿತು. ಸುಮಾರು 70,000 ಪದಗಳು. ಒಂದೊಂದಕ್ಕೂ ಅರ್ಥ, ಎಷ್ಟೋ ಪದಗಳಿಗೆ ಹಳೆಯ ಕಾವ್ಯಗಳ ಪ್ರಯೋಗ, ನಮ್ಮ ಹಳ್ಳಿಗಳ ಗಾದೆಗಳು. ಆ ಕೆಲಸದಲ್ಲಿ ಅವರ ಕಣ್ಣುಗಳೂ ಸವೆದವು. ಕಳುಹಿಸಿದವರ ಉದ್ದೇಶವು ಒಂದು, ಮಾಡಿದವರ ಆನಂದವು ಇನ್ನೊಂದು. ಎರಡರಲ್ಲಿಯೂ ಯಾವದು ದೇವರಿಗಾಗಿ, ಯಾವದು ತನಗಾಗಿ ಎಂದು ಗೆರೆ ಎಳೆಯುವದು ಅವರಿಗೇ ಕಷ್ಟವಾಗಿರಬಹುದು. ಆದರೆ ಒಂದು ದಿನದ ಪದಗಳನ್ನು ಆ ದಿನವೇ ಬರೆದು ಮುಗಿಸಿದರು. ಇಂದಿಗೂ ಪಂಪನನ್ನು ಓದುವವರು, ವಚನಗಳನ್ನು ಓದುವವರು, ದಾಸರ ಪದಗಳಲ್ಲಿ ಒಂದು ಹಳೆಯ ಮಾತು ಸಿಕ್ಕಿ ಅರ್ಥವಾಗದೆ ನಿಂತವರು ಆ ನಿಘಂಟನ್ನು ತೆರೆಯುತ್ತಾರೆ. ಪಾದ್ರಿಯೊಬ್ಬನು ಯಾವ ಉದ್ದೇಶದಿಂದ ಇದನ್ನು ಮಾಡಿದನೆಂದು ಕೇಳಿ ಪುಟವನ್ನು ಮುಚ್ಚುವವರಿಲ್ಲ.

ಇಲ್ಲಿಗೆ ಬಂದಾಗ ಎಚ್ಚರಿಕೆಯುಳ್ಳ ವಾಚಕರು ನಮ್ಮನ್ನು ತಡೆದು ಕೇಳಬಹುದು: ಹಾಗಾದರೆ ಉದ್ದೇಶವು ಏನಾದರೂ ಆಗಲಿ, ಕೆಲಸವಾದರೆ ಸಾಕೆಂದು ನೀವೂ ಹೇಳಿದಂತಾಯಿತಲ್ಲವೇ? ಹಾಗಲ್ಲ. ನಾಮಾನನ ಕಥೆಯು ಇರುವ ಅಧ್ಯಾಯದಲ್ಲಿಯೇ ಇದಕ್ಕೆ ಉತ್ತರವೂ ಉಂಟು. ಗುಣಹೊಂದಿದ ನಾಮಾನನು ಕೊಡಬಂದ ಕಾಣಿಕೆಯನ್ನು ಎಲೀಷನು ಮುಟ್ಟಲಿಲ್ಲ. ಅವನ ಸೇವಕನಾದ ಗೇಹಜಿಯು ಮಾತ್ರ ರಥದ ಹಿಂದೆ ಓಡಿ, ಅತಿಥಿಗಳು ಬಂದಿದ್ದಾರೆಂದು ಒಡೆಯನ ಹೆಸರಿನಲ್ಲಿ ಸುಳ್ಳು ಹೇಳಿ, ಎರಡು ತಲಾಂತು ಬೆಳ್ಳಿಯನ್ನೂ ಎರಡು ಜೊತೆ ಬಟ್ಟೆಯನ್ನೂ ತಂದು ಮನೆಯಲ್ಲಿ ಬಚ್ಚಿಟ್ಟನು. ನಾಮಾನನ ರೋಗವು ಅವನಿಗೆ ಹತ್ತಿಕೊಂಡಿತು. ಈ ಇಬ್ಬರಿಗೂ ಸ್ವಲಾಭದ ಆಸೆಯಿತ್ತು. ಒಬ್ಬನ ಆಸೆಯು ಅವನನ್ನು ಆಜ್ಞೆಯ ಕಡೆಗೆ ತಂದಿತು. ಇನ್ನೊಬ್ಬನ ಆಸೆಯು ಅವನ ಕೆಲಸವನ್ನೇ ತಿರುಚಿ ಸುಳ್ಳನ್ನಾಗಿ ಮಾಡಿತು.

ಇದರಿಂದ ನಮಗೆ ಮೂರು ಒರೆಗಲ್ಲುಗಳು ದೊರೆಯುತ್ತವೆ. ಮಾಡುವ ಕೆಲಸವು ತನ್ನಷ್ಟಕ್ಕೆ ಆಜ್ಞಾಪಿಸಲ್ಪಟ್ಟದ್ದೋ, ಒಳ್ಳೇದೋ ಎಂಬದು ಮೊದಲನೆಯದು. ನನ್ನ ಆಸೆಯು ಆ ಕೆಲಸದ ಆಕಾರವನ್ನು ಕೆಡಿಸುತ್ತಿದೆಯೋ ಎಂಬದು ಎರಡನೆಯದು. ಆ ಆಸೆಯನ್ನು ದೇವರ ಮುಂದೆಯೂ, ಅದರಿಂದ ನಷ್ಟಪಡತಕ್ಕವರ ಮುಂದೆಯೂ ಬಚ್ಚಿಡುತ್ತಿದ್ದೇನೋ ಎಂಬದು ಮೂರನೆಯದು. ಮೊದಲನೆಯದಕ್ಕೆ ಹೌದೆಂದೂ, ಉಳಿದೆರಡಕ್ಕೆ ಇಲ್ಲವೆಂದೂ ಹೇಳಬಲ್ಲವನು ಅಳುಕುವ ಮನಸ್ಸಿನಿಂದಲಾದರೂ ಮುಂದೆ ನಡೆಯಲಿ.

ಸಹೋದರಿಯೇ, ನಿಮ್ಮ ಮನೆಯ ವಿಷಯವನ್ನು ಈ ಕಲ್ಲುಗಳ ಮೇಲೆ ಒರೆಯಿರಿ. ಹಾಸಿಗೆ ಹಿಡಿದ ಮುದುಕಿಯನ್ನು ನೋಡಿಕೊಳ್ಳುವದು ಒಳ್ಳೇದು, ಇದರಲ್ಲಿ ಚರ್ಚೆಯಿಲ್ಲ. ಆದಕಾರಣ ಆ ಕೆಲಸವನ್ನು ಬಿಡಬೇಡಿರಿ. ಕೈಗೆ ಸಹಾಯವಾಗಲೆಂದು ಒಬ್ಬಳನ್ನು ಇಟ್ಟುಕೊಳ್ಳುವದು ತಪ್ಪಲ್ಲ, ನಿಮ್ಮ ದೇಹಕ್ಕೂ ವಿಶ್ರಾಂತಿ ಬೇಕು; ಆದರೆ ಮನಸ್ಸಿನ ಪರಿಶುದ್ಧತೆಯ ನೆಪದಿಂದ ದೂರ ಸರಿಯಬೇಡಿರಿ. ಎರಡು ತಾಸಿಗೊಂದು ಸಾರಿ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುವದು. ಮಲಗಿಸಿಕೊಂಡೇ ಗಂಜಿ ಕುಡಿಸಿದರೆ ಶ್ವಾಸನಾಳಕ್ಕೆ ಹೋಗುವದು. ಎತ್ತಿ ಕೂಡ್ರಿಸಿ, ಸ್ವಲ್ಪಸ್ವಲ್ಪವಾಗಿ ಉಣ್ಣಿಸಿ, ಊಟವಾದ ಮೇಲೂ ಅರ್ಧ ತಾಸು ಒರಗಿಸಿ ಕೂಡ್ರಿಸಿರಬೇಕು. ಪ್ರೀತಿಯಿದ್ದವಳು ಮಾಡಿದರೂ ಪ್ರೀತಿಯಿಲ್ಲದವಳು ಮಾಡಿದರೂ ರೋಗಿಯ ಬೆನ್ನಿಗೆ ಬೇಕಾದದ್ದು ಇದೇ.

ಹೊಲದ ವಿಷಯದಲ್ಲಿ ಮಾತ್ರ ಜಾಗರೂಕತೆ ಬೇಕು. ನಿಮ್ಮ ಆಸೆಯು ಕೆಲಸವನ್ನು ತಿರುಚುವ ಅಪಾಯವಿರುವದು ಅಲ್ಲಿಯೇ. ಕ್ರೈಸ್ತರಾದ ನಮಗೆ ಅನ್ವಯಿಸುವ 1925ನೆಯ ಇಸವಿಯ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ವಿಧವೆಯೊಬ್ಬಳು ಉಯಿಲು ಬರೆಯದೆ ತೀರಿಕೊಂಡರೆ ಅವಳ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಸಮವಾದ ಪಾಲು ಸಲ್ಲುವದು. ಮದುವೆಯಾಗಿ ಹೋದ ನಾದಿನಿಯರ ಹಕ್ಕು ಅಳಿದುಹೋಗಲಿಲ್ಲ. ಸ್ವಸ್ಥಚಿತ್ತವುಳ್ಳವರು ಉಯಿಲು ಬರೆಯಬಹುದು. ಅದಕ್ಕೆ ಕಡಿಮೆಯೆಂದರೆ ಇಬ್ಬರು ಸಾಕ್ಷಿಗಳು ಬೇಕು. ಉಯಿಲಿನಿಂದ ಲಾಭ ಹೊಂದುವವನಾಗಲಿ ಅವನ ಹೆಂಡತಿಯಾಗಲಿ ಸಾಕ್ಷಿ ಹಾಕಿದರೆ ಅವನಿಗೆ ಬರೆದದ್ದು ನಿಲ್ಲದು. ಮೋಸದಿಂದಾಗಲಿ, ಬಲಾತ್ಕಾರದಿಂದಾಗಲಿ, ಬರೆಯುವವರ ಸ್ವಾತಂತ್ರ್ಯವೇ ಹೋಗುವಷ್ಟು ಪೀಡಿಸಿ ಪೀಡಿಸಿಯಾಗಲಿ ಬರೆಸಿಕೊಂಡ ಉಯಿಲು ಅಸಿಂಧುವೆಂದು ಆ ಕಾಯಿದೆಯೇ ಹೇಳುವದು. ಲೋಕದ ಕಾನೂನು ಸಹ ಇಲ್ಲಿ ಮನಸ್ಸಿನೊಳಗಿನ ಆಸೆಯನ್ನು ಶಿಕ್ಷಿಸುವದಿಲ್ಲ. ಆಸೆಯು ಕೈಯಾಗಿ ಚಾಚಿ ಇನ್ನೊಬ್ಬರ ಕೈಯನ್ನು ಹಿಡಿದು ಬರೆಸಿದಾಗ ತಡೆಯುವದು.

ಆದಕಾರಣ ಸೇವೆಯನ್ನೂ ಹೊಲವನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿರಿ. ಅತ್ತೆಯವರ ಹಾಸಿಗೆಯ ಬಳಿಯಲ್ಲಿ ಪತ್ರದ ಮಾತನ್ನು ಎತ್ತಬೇಡಿರಿ, ಎತ್ತಗೊಡಿಸಲೂ ಬೇಡಿರಿ. ಗಂಜಿಯ ಬಟ್ಟಲು ಕೈಯಲ್ಲಿರುವಾಗ ಆಡಿದ ಹೊಲದ ಮಾತು, ಎಷ್ಟು ಮೆಲ್ಲಗೆ ಆಡಿದರೂ, ಏಳಲಾರದವರ ಕಿವಿಗೆ ಬೆದರಿಕೆಯಂತೆಯೇ ಕೇಳುವದು. ನಿಮ್ಮ ಯಜಮಾನರೊಂದಿಗೆ ಏಕಾಂತದಲ್ಲಿ ಕುಳಿತು, ಹೀಗೊಂದು ಆಸೆ ನನ್ನಲ್ಲಿದೆಯೆಂದು ಬಾಯಿಬಿಟ್ಟು ಹೇಳಿರಿ. ನಾದಿನಿಯರನ್ನು ಕರೆಯಿಸಿ, ತಾಯಿಯ ಆರೈಕೆಯ ಖರ್ಚನ್ನೂ ಹೊಲದ ವಿಚಾರವನ್ನೂ ಎಲ್ಲರ ಎದುರಿಗೆ ಮಾತಾಡಿರಿ. ಬೇಕಾದರೆ ಸಭೆಯ ಅಯ್ಯನವರು ಮಧ್ಯದಲ್ಲಿ ಕುಳಿತುಕೊಳ್ಳಲಿ. ಅತ್ತೆಯವರು ತಮ್ಮ ಇಷ್ಟದಿಂದ ನಿಮಗೇ ಬರೆದರೆ ಅದು ಅವರ ಇಷ್ಟ. ಬರೆಯದಿದ್ದರೂ ಮರುದಿನ ಬೆಳಿಗ್ಗೆ ಬಿಸಿನೀರು ಕಾಯಿಸುವದು ನಿಮ್ಮ ಕೆಲಸ. ಆ ಮರುದಿನದ ಬಿಸಿನೀರೇ ನಿಮ್ಮ ಮನಸ್ಸಿನ ನಿಜವಾದ ಪರೀಕ್ಷೆಯಾಗುವದು.

ಜನರ ಹೊಗಳಿಕೆಯು ನಿಮ್ಮನ್ನು ಬಾಧಿಸುವದೆಂದು ಬರೆದಿರಿ. ಹೊಗಳಿದಾಗ ಅಲ್ಲಗಳೆಯುವದಕ್ಕೆ ದೊಡ್ಡ ಭಾಷಣವು ಬೇಡ. ಅದೂ ಇನ್ನೊಂದು ಬಗೆಯ ಹೊಗಳಿಕೆಯನ್ನು ತರುವದು. ಕಷ್ಟವಾಗುತ್ತದೆ, ಪ್ರಾರ್ಥಿಸಿರಿ ಎಂದಷ್ಟೇ ಹೇಳಿರಿ. ಅದು ಸತ್ಯವೂ ಆಗಿದೆ, ಚಿಕ್ಕದೂ ಆಗಿದೆ. ಮನಸ್ಸಿನ ಕಹಿಯನ್ನು ಮಾತ್ರ ದೇವರಿಗೆ ಹೇಳುವಾಗ ಚಿಕ್ಕದು ಮಾಡಬೇಡಿರಿ. ಅಂದು ಅತ್ತೆಯವರು ಆಡಿದ ಮಾತುಗಳನ್ನು ಒಂದೊಂದಾಗಿ ಹೇಳಿ, ಇಷ್ಟಾದರೂ ಈಗ ಅವರ ಬಾಯಿ ಒರೆಸಲು ಹೋಗುತ್ತಿದ್ದೇನೆಂದು ಹೇಳಿರಿ. ನಮ್ಮ ಕರ್ತನೂ ಗೆತ್ಸೇಮನೆಯ ತೋಟದಲ್ಲಿ ಪಾತ್ರೆಯು ತನ್ನಿಂದ ತೊಲಗಲೆಂದು ಬೇಡಿದನು. ಬೇಡಿಕೊಂಡು ಎದ್ದು ತಂದೆಯ ಚಿತ್ತವನ್ನೇ ನಡಿಸಿದನು. ಅವನಲ್ಲಿ ಪಾಪವಿರಲಿಲ್ಲ, ಆದರೂ ವಿಧೇಯತೆಯೆಂದರೆ ಯಾವಾಗಲೂ ಉಲ್ಲಾಸವೆಂದು ಅವನೂ ತೋರಿಸಲಿಲ್ಲ.

ಹೊಸದಾಗಿ ತೋಡಿದ ಬಾವಿಯನ್ನು ನೋಡಿರಿ. ಮೊದಲ ದಿನ ಕೊಡ ಇಳಿಸಿದರೆ ಕೆಸರು ಬರುವದು. ಕೆಸರು ಬಂದಿತೆಂದು ಹಗ್ಗವನ್ನು ಸುತ್ತಿಟ್ಟು ಬಾವಿಯ ಬಾಯನ್ನು ಮುಚ್ಚಿದರೆ ಆ ನೀರು ಎಂದಿಗೂ ಕುಡಿಯುವದಕ್ಕೆ ಬಾರದು; ನಿಂತು ನಾರುವದು. ದಿನವೂ ಸೇದಿ ಸೇದಿ ಹೊಯ್ದರೆ ಒಳಗಣ ಸೆಲೆಯು ತೆರೆದು ನೀರು ಮೆಲ್ಲಮೆಲ್ಲಗೆ ತಿಳಿಯಾಗುವದು. ಮನುಷ್ಯನ ಮನಸ್ಸೂ ಹಾಗೆಯೇ ಎಂದು ನಮ್ಮ ಎಣಿಕೆ. ದಿನದಿನವೂ ಒಬ್ಬರ ಮೈಯನ್ನು ಒರೆಸಿ, ಅವರ ನರಳಾಟವನ್ನು ಕೇಳಿ, ಅವರ ಕಣ್ಣುಗಳನ್ನು ನೋಡುತ್ತಾ ಇದ್ದರೆ, ಅವರ ಮೇಲೆ ಹಳೆಯ ಸಿಟ್ಟನ್ನು ಹಾಗೆಯೇ ಇಟ್ಟುಕೊಂಡಿರುವದು ಕಷ್ಟವಾಗುತ್ತಾ ಬರುವದು. ಇದು ಎಲ್ಲರಿಗೂ ಆಗಿಯೇ ಆಗುವದೆಂದು ನಾವು ವಾಗ್ದಾನ ಮಾಡಲಾರೆವು. ಕೆಲವರಲ್ಲಿ ಮಣ್ಣು ಕೊನೆಯ ತನಕ ಸ್ವಲ್ಪ ಉಳಿಯುವದು. ಆಗಲೂ ಬಾಯಾರಿದವರಿಗೆ ಸೋಸಿ ಕೊಟ್ಟ ನೀರು ನೀರೇ.

ಮನೆಮನೆಯಲ್ಲಿ ಇದನ್ನು ಓದುತ್ತಿರುವ ತಾಯಂದಿರೂ ಅಣ್ಣತಮ್ಮಂದಿರೂ ತಮ್ಮ ತಮ್ಮ ಕೆಲಸಗಳನ್ನು ನೆನಸಿಕೊಳ್ಳಲಿ. ಹೆಸರು ಬರೆಯುತ್ತಾರೆಂದು ದೇವಾಲಯದ ಕಟ್ಟಡಕ್ಕೆ ಹಣ ಕೊಟ್ಟವರುಂಟು; ಹೆಂಡತಿಯ ಕಾಟಕ್ಕೆ ಆರಾಧನೆಗೆ ಬರುವವರುಂಟು; ನಾಳೆ ತನಗೂ ಬೇಕಾದೀತೆಂದು ನೆರೆಮನೆಯ ರೋಗಿಗೆ ಗಂಜಿ ಕಳುಹಿಸಿದವರುಂಟು; ಮಗಳ ಮದುವೆಗೆ ಮುಂಚೆ ಒಳ್ಳೇ ಹೆಸರು ಬರಲೆಂದು ಹಳೆಯ ಸಾಲವನ್ನು ತೀರಿಸಿದವರುಂಟು. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಡಿರಿ, ಬರುವದನ್ನು ನಿಲ್ಲಿಸಬೇಡಿರಿ, ಗಂಜಿಯನ್ನು ನಾಳೆಯೂ ಕಳುಹಿಸಿರಿ, ಇನ್ನೊಂದು ಸಾಲವಿದ್ದರೆ ಅದನ್ನೂ ತೀರಿಸಿರಿ. ರಾತ್ರಿ ದೀಪವನ್ನು ಆರಿಸುವ ಮುಂಚೆ ಮಾತ್ರ, ಇಂದು ನಾನು ಮಾಡಿದ್ದರಲ್ಲಿ ನನ್ನದೆಷ್ಟು ನಿನ್ನದೆಷ್ಟು ಎಂಬದನ್ನು ನೀನೇ ಬಲ್ಲೆ, ನನ್ನದನ್ನು ಕ್ಷಮಿಸಿ ನಿನ್ನದನ್ನು ಬೆಳೆಸು ಎಂದು ಬೇಡಿಕೊಂಡು ಮಲಗಿರಿ. ಬೆಳಿಗ್ಗೆ ಎದ್ದಾಗ ಮನಸ್ಸು ಹೇಗಿದೆಯೆಂದು ನೋಡುವದಕ್ಕೆ ಮುಂಚೆ, ಮಾಡತಕ್ಕ ಕೆಲಸವು ಏನಿದೆಯೆಂದು ನೋಡಿರಿ.

ಅನುಗೊಂಡನಹಳ್ಳಿಯ ಸಹೋದರಿಗೂ, ಆಕೆಯಂತೆ ರಾತ್ರಿ ಎದ್ದು ಕುಳಿತುಕೊಳ್ಳುವ ಎಲ್ಲಾ ಸೊಸೆಯರಿಗೂ ಹೆಣ್ಣುಮಕ್ಕಳಿಗೂ ದೇವರು ಬಲವನ್ನು ಕೊಡಲಿ.